ಪದ ಮುಗಿದ ಮೇಲೆ ಬಾರಿಸಿದ್ದು

ಭಾಗ 1

ಕಾಂತಾರ ನೋಡಿ ಹೊರಗೆ ಬಂದ ದಿನ ಫೋನಲ್ಲಿ ಮೊದಲು ಏನು ಹುಡುಕಿದ್ರಿ, ನೆನಪಿದೆಯಾ?

2022ರಲ್ಲಿ ನಾವು ಹತ್ತನೇ ಕ್ಲಾಸು. ನಮ್ಮ ಗ್ರೂಪಲ್ಲಿ ಅರ್ಧ ಜನ 'ವರಾಹ ರೂಪಂ' ಹುಡುಕಿದ್ರು, ಇನ್ನರ್ಧ ಜನ 'ಸಿಂಗಾರ ಸಿರಿಯೇ'. ಒಂದು ವಾರ ಅದನ್ನೇ ಹಾಕಿಕೊಂಡು ಕೇಳಿದ್ವಿ, ಸ್ಟೇಟಸ್ ಇಟ್ವಿ, ಟ್ಯೂಷನ್ನಿಗೆ ಹೋಗುವಾಗ ಬಸ್ಸಲ್ಲಿ ಕೇಳಿದ್ವಿ. ಆಮೇಲೆ ಒಬ್ಬಳು ಗ್ರೂಪಲ್ಲಿ ಹಾಕಿದ್ಲು: "ಥಿಯೇಟರಲ್ಲಿ ಆಗಿದ್ದು ಇದ್ರಲ್ಲಿ ಆಗ್ತಿಲ್ಲ ಕಣ್ರೋ." ನಿನ್ನ ಇಯರ್‌ಫೋನ್ ಸರಿಯಿಲ್ಲ ಅಂತ ಒಬ್ಬ. ಡಾಲ್ಬಿ ಇಲ್ಲ ಅದಕ್ಕೆ ಅಂತ ಇನ್ನೊಬ್ಬ. ಅಲ್ಲಿಗೆ ಆ ಮಾತು ನಿಂತುಹೋಯ್ತು.

ನನಗೆ ನಿಲ್ಲಲಿಲ್ಲ. ಇಯರ್‌ಫೋನಿನ ತಪ್ಪೇನೂ ಇಲ್ಲ ಅಂತ ನನ್ನ ಲೆಕ್ಕ. ಆಲ್ಬಮ್ ಅಂತ ನಮ್ಮ ಕೈಗೆ ಬರೋದು ಸಿನಿಮಾ ಸಂಗೀತದ ಒಂದು ಪಾಲು. ನಮ್ಮ ಮೈ ಜುಮ್ಮೆನಿಸಿದ ಪಾಲು ಬಹಳ ಸಲ ಅದರಲ್ಲಿ ಇರೋದೇ ಇಲ್ಲ. ಇದನ್ನ ನನಗೆ ಹೇಳಿಕೊಟ್ಟಿದ್ದು ಯಾವ ಯೂಟ್ಯೂಬ್ ಚಾನೆಲ್ಲೂ ಅಲ್ಲ, ನಮ್ಮ ತಾತ. ಈ ಸರಣಿ ಸ್ವಲ್ಪ ಉದ್ದ ಇದೆ. ಊಟ ಆದಮೇಲೆ ಓದಿ.

ಭಾಗ 2

ನಮ್ಮೂರು ಗೊತ್ತಿಲ್ಲದವರಿಗೆ: ಕೆಂಚಾರ್ಲಹಳ್ಳಿ, ಚಿಂತಾಮಣಿ ತಾಲ್ಲೂಕು. ಆಂಧ್ರದ ಗಡಿ ಹತ್ತಿರ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಜಗಳ ಬಂದ್ರೆ ಎರಡೂ. ಕೈವಾರ ತಾತಯ್ಯನವರೇ ಎರಡು ಭಾಷೇಲೂ ಪದ ಕಟ್ಟಿದ ಸೀಮೆ ಇದು, ನಮ್ಮದೇನು ಹೆಚ್ಚು.

ತಾತ ಅಂದ್ರೆ ಅಮ್ಮನ ಅಪ್ಪ. ಹಾರ್ಮೋನಿಯಂ ಮೇಷ್ಟ್ರು. ಪೌರಾಣಿಕ ನಾಟಕ ಗೊತ್ತಲ್ಲ? ಊರ ಹಬ್ಬಕ್ಕೆ ರಾತ್ರಿ ಶುರುವಾಗಿ ಬೆಳಗಾಗೋವರೆಗೂ ನಡೆಯೋ ಕುರುಕ್ಷೇತ್ರ. ಆಡೋರು ಯಾರೂ ಕಲಾವಿದರಲ್ಲ. ಟೊಮೆಟೊ ಬೆಳೆಯೋರು, ರೇಷ್ಮೆ ಹುಳ ಸಾಕೋರು, ಚಿಲ್ಲರೆ ಅಂಗಡಿಯೋರು. ಭೀಮನ ಪಾರ್ಟು ಬೇಕು ಅಂದ್ರೆ ಭೀಮನೇ ದುಡ್ಡು ಹಾಕಬೇಕು, ದುರ್ಯೋಧನನ ಪಾರ್ಟಿಗೆ ಇನ್ನೂ ಜಾಸ್ತಿ. ಇಂಥವರನ್ನೆಲ್ಲ ಎರಡು ಮೂರು ತಿಂಗಳು ರಾತ್ರಿ ಹೊತ್ತು ಕೂರಿಸಿಕೊಂಡು ಕಂದ, ಪದ, ಮಾತು ಎಲ್ಲ ಬಾಯಿಪಾಠ ಮಾಡಿಸಿ, ಆಟದ ದಿನ ಸ್ಟೇಜಿನ ಪಕ್ಕ ಕಾಲಲ್ಲಿ ತುಳಿಯೋ ಹಾರ್ಮೋನಿಯಂ ಮುಂದೆ ಕೂತು ಇಡೀ ರಾತ್ರಿ ಎಳೆದುಕೊಂಡು ಹೋಗೋರು ಮೇಷ್ಟ್ರು. ಒಬ್ಬನದು ಕಪ್ಪು ಒಂದು, ಇನ್ನೊಬ್ಬನದು ಬಿಳಿ ಎರಡು, ಮತ್ತೊಬ್ಬನಿಗೆ ಶ್ರುತಿ ಅಂದ್ರೆ ಏನು ಅಂತಲೇ ಗೊತ್ತಿರಲ್ಲ. ಹಾಡ್ತಾ ಹಾಡ್ತಾ ಅವನು ಎಲ್ಲಿಗೆ ಜಾರಿದ್ರೂ ಮೇಷ್ಟ್ರು ಅಲ್ಲಿಗೆ ಹೋಗಿ ಕೈ ಹಿಡೀಬೇಕು.

ಅಂಥ ತಾತನ್ನ ಕಾಂತಾರಕ್ಕೆ ಕರ್ಕೊಂಡು ಹೋಗಿದ್ದು ನಮ್ಮ ಮಾವ. ನಾನೂ ಹೋಗಿದ್ದೆ. ಚಿಂತಾಮಣೀಲಿ ತೆಲುಗು ಸಿನಿಮಾಗೆ ಆಗೋ ರಶ್ಶು ಆ ದಿನ ಕನ್ನಡಕ್ಕೆ ಆಗಿತ್ತು.

ಭಾಗ 3

ತಾತ ಅರ್ಧ ಸಿನಿಮಾ ಕಣ್ಣು ಮುಚ್ಕೊಂಡಿದ್ರು. ನಿದ್ದೆ ಅಂದುಕೊಂಡೆ. ತೊಡೆ ಮೇಲೆ ಬೆರಳು ಆಡ್ತಾ ಇತ್ತು.

ಪಂಜುರ್ಲಿ, ಗುಳಿಗ, ಕೋಲ, ಇದ್ಯಾವುದೂ ನಮ್ಮ ಕಡೆಯದಲ್ಲ. ಕರಾವಳಿಯವರು ದೈವ ಅಂತ ನಡೆದುಕೊಳ್ಳೋದನ್ನ ನಾವು ಆ ಸಿನಿಮಾದಲ್ಲೇ ಮೊದಲು ಸರಿಯಾಗಿ ನೋಡಿದ್ದು. ಆದ್ರೂ ಕ್ಲೈಮ್ಯಾಕ್ಸಲ್ಲಿ ರಿಷಬ್ ಶೆಟ್ಟಿ ಕೂಗಿದಾಗ ನಮ್ಮ ಹಿಂದಿನ ಸಾಲಲ್ಲಿ ಒಬ್ಬ ಅಜ್ಜಿ ಕೈ ಮುಗಿದುಬಿಟ್ರು. ಆ ಅಜ್ಜಿಗೆ ತುಳು ಗೊತ್ತಿರೋಕೆ ಸಾಧ್ಯವೇ ಇಲ್ಲ.

ವಾಪಸ್ ಬರ್ತಾ ಬಸ್ಸಲ್ಲಿ ತಾತ ಹೇಳಿದ್ದು: "ಆ ಕೂಗು ಬರೋಕೆ ಜಾಗ ಬಿಟ್ಟಿದ್ದಾನಲ್ಲಮ್ಮ, ಅದು ಕೈಚಳಕ. ಎಲ್ಲಾ ಕಡೆ ತುಂಬಿಸೋನು ಮೇಷ್ಟ್ರಲ್ಲ. ನಮ್ಮ ಗಂಗಮ್ಮನ ಜಾತ್ರೇಲಿ ನೋಡು, ತಮಟೆ ಬಾರಿಸ್ತಾ ಇರೋವಾಗ ಯಾರಿಗೂ ಮೈಮೇಲೆ ಬರಲ್ಲ. ಗಕ್ಕಂತ ನಿಲ್ಲಿಸ್ತಾನಲ್ಲ, ಆಗ ಬರುತ್ತೆ."

'ಅವನು' ಅಂದಿದ್ದು ಅಜನೀಶ್ ಲೋಕನಾಥ್ ಅವರನ್ನ. ತಾತನಿಗೆ ಎಲ್ಲಾ ಸಂಗೀತಗಾರರೂ ತಮ್ಮ ಶಿಷ್ಯಂದಿರೇ!

ಮನೆಗೆ ಬಂದ ಮೇಲೆ ಮಾವ ಫೋನಲ್ಲಿ 'ವರಾಹ ರೂಪಂ' ಹಾಕಿದ್ರು. ಶಶಿರಾಜ್ ಕಾವೂರು ಬರೆದಿದ್ದು, ಸಾಯಿ ವಿಘ್ನೇಶ್ ಹಾಡಿದ್ದು. ತಾತ ಪೂರ್ತಿ ಕೇಳಿ, "ಪದ ಚೆನ್ನಾಗಿದೆ. ಇದಕ್ಕೆ ಮುಂಚೆ ಬಂದಿದ್ದು ಹಾಕು" ಅಂದ್ರು. ಮುಂಚೆ ಏನು ಬಂದಿತ್ತು ತಾತ? "ಅದೇ, ಅವನು ಬೀಳ್ತಾನಲ್ಲ, ಆಮೇಲೆ ಏಳ್ತಾನಲ್ಲ, ಮಧ್ಯೆ." ಮಾವ ಲಿಸ್ಟನ್ನ ಮೇಲಿಂದ ಕೆಳಗೆ ಎರಡು ಸಲ ತಳ್ಳಿದ್ರು. ಅದರಲ್ಲಿ ಹಾಡುಗಳಿದ್ವು. ಮಧ್ಯೆ ಬಂದಿದ್ದು ಇರಲಿಲ್ಲ.

ಭಾಗ 4

'ಮಧ್ಯೆ ಬಂದಿದ್ದು' ಅಂದ್ರೆ ಏನು ಅಂತ ತಾತ ನನಗೆ ಆ ವಾರ ಮನೆ ಹಾರ್ಮೋನಿಯಂ ಇಟ್ಕೊಂಡು ತೋರಿಸಿದ್ರು. ಅಲ್ಲಿವರೆಗೂ ನನಗೆ ನಾಟಕ ಅಂದ್ರೆ ಪದಗಳು ಮಾತ್ರ.

ಕುರುಕ್ಷೇತ್ರದಲ್ಲಿ ಪರದೆ ಏಳೋಕೆ ಮುಂಚೆ, ಪಾತ್ರಧಾರಿ ಸೈಡಿನಿಂದ ಕಾಲಿಡೋಕೆ ಮುಂಚೆ, ಹಾರ್ಮೋನಿಯಂ ಒಂದು ತುಣುಕು ನುಡಿಯುತ್ತೆ. ಹತ್ತು ಸೆಕೆಂಡು, ಜಾಸ್ತಿ ಅಂದ್ರೆ ಇಪ್ಪತ್ತು. ತಾತ ಅದನ್ನ 'ಬರೋ ಮಟ್ಟು' ಅಂತಾರೆ. ಭೀಮನಿಗೆ ಕೆಳಗಿನ ಮನೆಗಳಲ್ಲಿ ಕುಟ್ಟಿ ಕುಟ್ಟಿ ಬರೋದು, ಗದೆ ನೆಲಕ್ಕೆ ಹಾಕಿದ ಹಾಗೆ. ಶಕುನಿಗೆ ಪಕ್ಕಪಕ್ಕದ ಎರಡು ಮನೆ ಮೇಲೆ ಬೆರಳು ಹೊರಳಿಸೋದು, ಶಕುನಿ ಕಾಣಿಸೋಕೆ ಮುಂಚೆಯೇ ಜನ ನಗ್ತಾರೆ. ದ್ರೌಪದಿಗೆ ಒಂದೇ ಸ್ವರ ಹಿಡಿದು ನಿಲ್ಲಿಸೋದು, ಅಷ್ಟೇ, ಬೇರೇನಿಲ್ಲ.

ಇಷ್ಟರ ಮೇಲೆ ತೇಪೆ ಕೆಲಸ ಬೇರೆ. ಕೃಷ್ಣನ ಕಿರೀಟ ಜಾರಿದ್ರೆ ಅವನು ಸರಿ ಮಾಡಿಕೊಳ್ಳೋವರೆಗೂ ನುಡಿಸಬೇಕು. ಕರ್ಣ ಮಾತು ಮರೆತ್ರೆ ಮುಂದಿನ ಪದದ ಮೊದಲ ಸ್ವರ ಒತ್ತಿ ನೆನಪಿಸಬೇಕು. ಯಾರಿಗೋ ಅಭಿಮಾನಿಗಳು ಹಾರ ಹಾಕೋಕೆ ಸ್ಟೇಜ್ ಹತ್ತಿದ್ರೆ ಅದಕ್ಕೂ ಒಂದು ಬಾರಿಸಬೇಕು. ಇದ್ಯಾವುದೂ ಎಲ್ಲೂ ಬರೆದಿರಲ್ಲ. ನಾಟಕದ ಪುಸ್ತಕದಲ್ಲಿ ಪದ ಇರುತ್ತೆ, ರಾಗ ತಾಳದ ಹೆಸರಿರುತ್ತೆ. ಬರೋ ಮಟ್ಟು ಮೇಷ್ಟ್ರ ಬೆರಳಲ್ಲಿ ಮಾತ್ರ.

"ಪದ ಎಲ್ರೂ ಮನೆಗೆ ತಗೊಂಡು ಹೋಗ್ತಾರೆ" ಅಂತ ತಾತ. "ನಾನು ಬಾರಿಸಿದ್ದು ಯಾರಿಗೂ ನೆನಪಿರಲ್ಲ. ಆದ್ರೆ ಅದಿಲ್ದೇ ಇದ್ರೆ ಭೀಮ ಬರಲ್ಲ, ಮೀಸೆ ಅಂಟಿಸಿಕೊಂಡ ಅಂಗಡಿಯೋನು ಬರ್ತಾನೆ."

ಸಿನಿಮಾದವರು ಬಿಜಿಎಂ ಅನ್ನೋದು ಇದನ್ನೇ. ಪರದೆ ದೊಡ್ಡದಾಗಿದೆ, ಹಾರ್ಮೋನಿಯಂ ಜಾಗದಲ್ಲಿ ನೂರು ವಾದ್ಯ ಬಂದಿದೆ, ಕೆಲಸ ಅದೇ.

ಭಾಗ 5

ಈಗ ನಿಮಗೆ ಗೊತ್ತಿರೋ ಗಲಾಟೆಗೆ ಬರ್ತೀನಿ. ಕೆಲವರು ಮರೆತಿರಬಹುದು.

ಸಿನಿಮಾ ಬಂದಿದ್ದು 2022 ಸೆಪ್ಟೆಂಬರ್ 30ಕ್ಕೆ. ಅಕ್ಟೋಬರಲ್ಲಿ ಕೇರಳದ ತೈಕ್ಕುಡಂ ಬ್ರಿಡ್ಜ್ ಅನ್ನೋ ಬ್ಯಾಂಡಿನವರು 'ವರಾಹ ರೂಪಂ' ನಮ್ಮ 'ನವರಸಂ' ಹಾಡಿನ ನಕಲು ಅಂದ್ರು. ಅವರ ಹಾಡು 2017ರದ್ದು. ಚಿತ್ರತಂಡ ಅದನ್ನ ಒಪ್ಪಲಿಲ್ಲ. ವಿಷಯ ಕೋಳಿಕ್ಕೋಡ್, ಪಾಲಕ್ಕಾಡ್ ಕೋರ್ಟುಗಳಿಗೆ ಹೋಯ್ತು, ಹಾಡು ಬಳಸೋಕೆ ತಡೆ ಬಂತು. ನವೆಂಬರ್ 24ಕ್ಕೆ ಸಿನಿಮಾ ಪ್ರೈಮಿಗೆ ಬಂದಾಗ ಕ್ಲೈಮ್ಯಾಕ್ಸಲ್ಲಿ ಬೇರೆ 'ವರಾಹ ರೂಪಂ' ಇತ್ತು. ಸಾಹಿತ್ಯ ಅದೇ, ಟ್ಯೂನು ಬೇರೆ.

ನಕಲೋ ಅಲ್ವೋ ಅನ್ನೋ ಜಗಳಕ್ಕೆ ನಾನು ಹೋಗಲ್ಲ. ಎರಡೂ ಹಾಡು ಸಿಗುತ್ತೆ, ಕೇಳಿ ನೀವೇ ನಿರ್ಧಾರ ಮಾಡಿ. ನನಗೆ ಬೇಕಾಗಿರೋದು ಆವತ್ತು ನಮ್ಮನೆ ಹಾಲಲ್ಲಿ ಆಗಿದ್ದು.

ಮಾವನ ಟಿವೀಲಿ ಎಲ್ರೂ ಕೂತು ನೋಡ್ತಿದ್ವಿ. ತಾತನಿಗೆ ಕೋರ್ಟು ಗೀರ್ಟು ಏನೂ ಗೊತ್ತಿಲ್ಲ. ಹಾಡು ಶುರುವಾಗಿ ನಾಲ್ಕು ಸಾಲು ಆಗಿರಬೇಕು, "ಇದು ಅದಲ್ಲ" ಅಂದ್ರು. ಅದೇ ತಾತ, ಸಾಲು ಅದೇ ಇದೆ ನೋಡು ಅಂದೆ. "ಸಾಲು ಅದೇ. ಮಟ್ಟು ಬದಲಾಯಿಸಿದ್ದಾರೆ. ದೇವರು ಬಂದಿಲ್ಲ, ವೇಷ ಬಂದಿದೆ."

ಆ ರಾತ್ರಿ ನೆಟ್ಟಲ್ಲಿ ತುಂಬಾ ಜನ ಇದೇ ಗೋಳು ಹೇಳಿಕೊಂಡ್ರು, ಹಳೇದು ವಾಪಸ್ ಕೊಡಿ ಅಂತ. ನೋಡಿ, ಇಲ್ಲಿ ಯಾರೂ ಹಾಡನ್ನ ಕಿತ್ತು ಹಾಕಿರಲಿಲ್ಲ. ಅದೇ ನಟ, ಅದೇ ಬೆಂಕಿ, ಅದೇ ಕುಣಿತ, ಅದೇ ಪದ. ಬದಲಾದದ್ದು ಕಿವಿಗೆ ಬಿದ್ದದ್ದು ಮಾತ್ರ, ಅಷ್ಟಕ್ಕೇ ಸಿನಿಮಾ ಬೇರೆ ಆಗಿಹೋಯ್ತು. ಕಣ್ಣಿಗೆ ಕಂಡಿದ್ದು ನಮ್ಮನ್ನ ಅಲ್ಲಾಡಿಸಿತು ಅಂದುಕೊಂಡಿದ್ವಿ. ಅರ್ಧ ಕೆಲಸ ಕಿವೀದು.

ಡಿಸೆಂಬರಲ್ಲಿ ಹಳೇ ಟ್ಯೂನು ವಾಪಸ್ ಬಂತು. ಕೋರ್ಟಿನ ಕಥೆ ಆಮೇಲೂ ನಡೀತು, ಸುಪ್ರೀಂ ಕೋರ್ಟ್ ತನಕ ಹೋಯ್ತು. ನಾನು ತಾತನಿಗೆ ಕ್ಲೈಮ್ಯಾಕ್ಸ್ ಮತ್ತೆ ಹಾಕಿ ತೋರಿಸಿದೆ. "ಹ್ಞಾ" ಅಂದ್ರು, ಕಾಫಿ ಕೇಳಿದ್ರು.

ಭಾಗ 6

ಹಾಗಾದ್ರೆ ಕಾಂತಾರದ ಆಲ್ಬಮ್ ಸಿನಿಮಾದ ಸಮಕ್ಕೆ ನಿಲ್ಲುತ್ತಾ?

ನನ್ನ ತೀರ್ಪು ಇಷ್ಟು. 'ಸಿಂಗಾರ ಸಿರಿಯೇ' ಆಲ್ಬಮ್ಮಲ್ಲೇ ಚೆನ್ನ. ಪ್ರಮೋದ್ ಮರವಂತೆ ಅವರ ಸಾಹಿತ್ಯ, ವಿಜಯ್ ಪ್ರಕಾಶ್, ಅನನ್ಯಾ ಭಟ್ ಅವರ ಗಂಟಲು, ಬಿಡುವಾಗಿ ಕೇಳೋಕೆ ಸಿಗುತ್ತೆ. ಸಿನಿಮಾದಲ್ಲಿ ನನ್ನ ಕಣ್ಣು ಬೇರೆ ಕಡೆ ಇತ್ತು. (ಬೈಯೋರು ಬೈಯಬಹುದು.) 'ವರಾಹ ರೂಪಂ' ಎರಡೂ ಕಡೆ ನಿಲ್ಲುತ್ತೆ, ಆದ್ರೆ ಫೋನಲ್ಲಿ ಅದು ಬರೀ ಒಳ್ಳೆ ಹಾಡು. ಥಿಯೇಟರಲ್ಲಿ ಎರಡು ಗಂಟೆ ಕಾಯಿಸಿ ಕೊಟ್ಟ ಉತ್ತರ ಅದು. ಉಳಿದಿದ್ದು, ಕಾಡಿನ ಒಳಗಿನ ಆ ಭಯ, ಕೂಗಿಗೆ ಬಿಟ್ಟ ಜಾಗ, ಬಿದ್ದವನು ಏಳೋವರೆಗಿನ ಹೊತ್ತು, ಅದು ಹಾಡುಗಳ ಆಲ್ಬಮ್ಮಿನಲ್ಲಿ ಇಲ್ಲ. ಯೂಟ್ಯೂಬಲ್ಲಿ 'ಬಿಜಿಎಂ' ಅಂತ ಹುಡುಕಿದ್ರೆ ಯಾರೋ ಸಿನಿಮಾದಿಂದಲೇ ಕತ್ತರಿಸಿ ಹಾಕಿದ ತುಂಡುಗಳು ಬರುತ್ತೆ, ಮಧ್ಯೆ ಡೈಲಾಗು, ಮಳೆ, ಯಾರದೋ ಕೆಮ್ಮು. ಹಾಗಾಗಿ ಆಲ್ಬಮ್ ಸೋತಿದೆ. ಹಾಡು ಕೆಟ್ಟದಾಗಿ ಸೋತಿದ್ದಲ್ಲ, ದೊಡ್ಡ ಪಾಲು ಹೊರಗೆ ಬಿಟ್ಟು ಸೋತಿದ್ದು.

ಯಾಕೆ ಹೀಗೆ ಅಂದ್ರೆ, ಕಾರಣ ಬಹಳ ಹಳೇದು. ಮೊದಲು ಸಿನಿಮಾ ಸಂಗೀತ ಮನೆಗೆ ಬಂದಿದ್ದು ಗ್ರಾಮಫೋನ್ ಪ್ಲೇಟಿನಲ್ಲಿ. ಆ ಪ್ಲೇಟಿನ ಒಂದು ಮಗ್ಗುಲಿಗೆ ಹಿಡೀತಿದ್ದುದೇ ಸುಮಾರು 3 ನಿಮಿಷ. 3 ನಿಮಿಷಕ್ಕೆ ತಲೆ ಬಾಲ ಇರೋ ಹಾಡನ್ನ ಹಾಕಬಹುದು, ಭೀಮ ಬರೋ ಸದ್ದು ಹಾಕಿ ಯಾರಿಗೆ ಮಾರ್ತೀರ? ರೇಡಿಯೋಗೂ ಹಾಡೇ ಬೇಕಿತ್ತು. ಆಮೇಲೆ ಕ್ಯಾಸೆಟ್ ಬಂತು, ಸಿಡಿ ಬಂತು, ಈಗ ಫೋನಲ್ಲಿ ಜಾಗಕ್ಕೆ ಬರವೇ ಇಲ್ಲ, ಅಭ್ಯಾಸ ಮಾತ್ರ ಹಾಗೇ ಉಳೀತು. ಈಗಂತೂ ಸಿನಿಮಾ ಬರೋಕೆ ತಿಂಗಳು ಮುಂಚೆಯೇ ಹಾಡು ಬಿಡ್ತಾರೆ, ರೀಲ್ಸ್ ಮಾಡಲಿ ಅಂತ. ಬಿಜಿಎಂ ಆಗ ಎಷ್ಟೋ ಸಲ ಇನ್ನೂ ಆಗಿರೋದೇ ಇಲ್ಲ, ಅದು ಎಡಿಟಿಂಗ್ ಮುಗಿದ ಚಿತ್ರ ನೋಡ್ಕೊಂಡು ಕೊನೇಲಿ ಕಟ್ಟೋದು. ಮಜಾ ಏನು ಗೊತ್ತಾ? ಶೋಲೆ ಸಿನಿಮಾದ ಡೈಲಾಗುಗಳನ್ನೇ ರೆಕಾರ್ಡ್ ಮಾಡಿ ಮಾರಿದ್ರು, ಅದು ಧಾರಾಳ ಹೋಯ್ತು. ಮಾತು ಮಾರಿದವರೂ ಮಧ್ಯದ ಸಂಗೀತ ಮಾರೋ ಧೈರ್ಯ ಮಾಡಿದ್ದು ಕಮ್ಮಿ. ಅತ್ತ 1977ರಲ್ಲಿ ಸ್ಟಾರ್ ವಾರ್ಸ್ ಬಂದಾಗ ಜಾನ್ ವಿಲಿಯಮ್ಸ್ ಅವರ ಹಿನ್ನೆಲೆ ಸಂಗೀತವೇ ಎರಡು ರೆಕಾರ್ಡಿನ ಆಲ್ಬಮ್ಮಾಗಿ ಬಂದು ಜನ ಮುಗಿಬಿದ್ದು ಕೊಂಡಿದ್ರು.

ಭಾಗ 7

ಅದೇ 1977ರ ನಮ್ಮ ಸಿನಿಮಾ ಒಂದಿದೆ. ಘಟಶ್ರಾದ್ಧ. ಅನಂತಮೂರ್ತಿ ಅವರ ಕಥೆ, ಗಿರೀಶ್ ಕಾಸರವಳ್ಳಿ ಅವರ ಮೊದಲ ಚಿತ್ರ. ಇದರ ಸಂಗೀತಕ್ಕೆ ಬಿ.ವಿ. ಕಾರಂತರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಈಗ ನೀವು ಯಾರನ್ನಾದ್ರೂ ಹಿಡಿದು ಘಟಶ್ರಾದ್ಧದ ಒಂದು ಹಾಡು ಹೇಳಿ ಅನ್ನಿ. ಯಾರೂ ಹೇಳಲ್ಲ. ಗುನುಗೋಕೆ ಏನೂ ಕೊಡದ ಸಂಗೀತಕ್ಕೆ ದೇಶದಲ್ಲೇ ದೊಡ್ಡ ಬಹುಮಾನ! ಆ ಚಿತ್ರವನ್ನ ಈಚೆಗೆ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲೂ ತೋರಿಸಿದ್ರು. ಇದನ್ನ ತಾತನಿಗೆ ಹೇಳಿದಾಗ ಅವರಿಗೆ ಆಶ್ಚರ್ಯ ಆಗಲಿಲ್ಲ. "ಕಾರಂತರು ಗುಬ್ಬಿ ಕಂಪನೀಲಿ ಇದ್ದೋರಲ್ವಾ" ಅಂದ್ರು. ನಾಟಕದೋರಿಗೆ ಮಧ್ಯದ ಜಾಗದ ಬೆಲೆ ಗೊತ್ತಿರುತ್ತೆ ಅನ್ನೋದು ಅವರ ಅರ್ಥ.

ಹಾಡು ಬೇರೆ, ಹಿನ್ನೆಲೆ ಬೇರೆ ಅಂತ ರಾಷ್ಟ್ರ ಪ್ರಶಸ್ತಿಯವರೂ ಆಮೇಲೆ ಒಪ್ಪಿಕೊಂಡ್ರು. 2009ರ ಸಿನಿಮಾಗಳಿಗೆ ಕೊಟ್ಟಾಗ ಎರಡಕ್ಕೂ ಬೇರೆ ಬೇರೆ ಪ್ರಶಸ್ತಿ: 'ದೇವ್ ಡಿ' ಹಾಡುಗಳಿಗೆ ಅಮಿತ್ ತ್ರಿವೇದಿ, 'ಪಳಸ್ಸಿ ರಾಜ' ಹಿನ್ನೆಲೆಗೆ ಇಳಯರಾಜ.

ಉಲ್ಟಾ ಆಗೋದೂ ಉಂಟು, ಅದನ್ನ ಮುಚ್ಚಿಡಲ್ಲ. ಪಲ್ಲವಿ ಅನುಪಲ್ಲವಿ, 1983, ಮಣಿರತ್ನಂ ಅವರ ಮೊದಲ ಸಿನಿಮಾ, ಕನ್ನಡದ್ದು. ನಮ್ಮ ಕ್ಲಾಸಲ್ಲಿ ಅದನ್ನ ಪೂರ್ತಿ ನೋಡಿದವರು ಎಷ್ಟು ಜನ? ಇಬ್ಬರು ಇದ್ರೆ ಹೆಚ್ಚು. 'ನಗುವ ನಯನ' ಗೊತ್ತಿಲ್ಲದವರು? ಒಬ್ಬರೂ ಇಲ್ಲ. ಇಳಯರಾಜ ಅವರ ಆ ಟ್ಯೂನು ಐಡಿಯಾ ಮೊಬೈಲಿನ ಜಾಹೀರಾತಿಗೆ ಹೋಗಿ, ಅಲ್ಲಿಂದ ದೇಶದ ತುಂಬಾ ರಿಂಗ್‌ಟೋನಾಗಿ ತಿರುಗಾಡ್ತು. ಅಲ್ಲಿ ಆಲ್ಬಮ್ ಸಿನಿಮಾವನ್ನ ಹಿಂದೆ ಹಾಕಿದೆ. ಸಂತೋಷವೇ.

ಇನ್ನು ಸಪ್ತಸಾಗರದಾಚೆ ಎಲ್ಲೋ. 2023ರಲ್ಲಿ ಎರಡು ಭಾಗ ಬಂತು, ಸೈಡ್ ಎ, ಸೈಡ್ ಬಿ, ಕ್ಯಾಸೆಟ್ಟಿನ ಎರಡು ಮಗ್ಗುಲಿನ ಹೆಸರು. ಚರಣ್ ರಾಜ್ ಅವರ ಹಾಡುಗಳನ್ನ ಹಾಸ್ಟೆಲ್ಲಲ್ಲಿ ಹಾಕಿದ್ರೆ ಯಾರಾದ್ರೂ ಒಬ್ರು ಬಾತ್‌ರೂಮಿಗೆ ಹೋಗಿ ಅತ್ತು ಬರ್ತಾರೆ, ಅಷ್ಟು ಚೆನ್ನಾಗಿದೆ ಆ ಆಲ್ಬಮ್. ಆದ್ರೂ ನನ್ನ ಕಿವೀಲಿ ಉಳಿದಿದ್ದು ಪ್ರಿಯಾ ಜೈಲಲ್ಲಿರೋ ಮನುಗೆ ಅಂತ ಟೇಪಲ್ಲಿ ತುಂಬಿಸಿ ಕಳಿಸೋ ಧ್ವನಿ. ಅವನಿಗೆ ಬೇಕಾಗಿದ್ದು ಅವಳ ಹಾಡಷ್ಟೇ ಆಗಿದ್ರೆ ಅವಳು ಹಾಡಿ ಕಳಿಸಬಹುದಿತ್ತು. ಅವನು ಕಾಯ್ತಿದ್ದದ್ದು ಅವಳ ಉಸಿರಿಗೆ, ಹೊರಗಿನ ಸದ್ದಿಗೆ.

ಭಾಗ 8

ಇಷ್ಟೆಲ್ಲ ಬರೆಯೋಕೆ ಸಿನಿಮಾ ಒಂದೇ ಕಾರಣ ಅಲ್ಲ.

2023ರ ಸಂಕ್ರಾಂತಿ ಕಳೆದ ಮೇಲೆ ತಾತನಿಗೆ ಲಕ್ವ ಹೊಡೀತು. ಬಲಗೈ ಹೋಯ್ತು. ಮಾತು ತೊದಲುತ್ತೆ. ಮನೇಲಿ ಹಾರ್ಮೋನಿಯಂ ಮೇಲೆ ಬಟ್ಟೆ ಹಾಕಿ ಬೀರು ಮೇಲಿಟ್ರು. ಅಮ್ಮಮ್ಮ ಮಾತ್ರ ವಾರಕ್ಕೊಂದು ಸಲ ಇಳಿಸಿ ಧೂಳು ಒರೆಸ್ತಿದ್ರು.

ಆಗ ನೆನಪಾಗಿದ್ದು 2019ರ ಡಿವಿಡಿ. ಆ ವರ್ಷ ಊರ ಹಬ್ಬದ ಕುರುಕ್ಷೇತ್ರವನ್ನ ವಿಡಿಯೋದವರು ಇಡೀ ರಾತ್ರಿ ಶೂಟ್ ಮಾಡಿದ್ರು. ಯಾರು ಅಂತ ಇಲ್ಲಿ ಬೇಡ, ಅವರು ಅವರ ಕೆಲಸ ಮಾಡಿದ್ದಾರೆ. ತಾತನ ಕೈಯಿ ಪೂರ್ತಿ ನಡೀತಿದ್ದ ಕಾಲದ್ದು, ಒಂದೇ ಒಂದು ರೆಕಾರ್ಡಿಂಗು. ಮಾವನ ಹಳೇ ಕಂಪ್ಯೂಟರಲ್ಲಿ ಹಾಕಿದೆ. ಎಂಟು ಗಂಟೆ ನಾಟಕ ಒಂದೂವರೆ ಗಂಟೆ ಆಗಿತ್ತು. ಪದಗಳು ಮಾತ್ರ ಇಟ್ಟು ಉಳಿದಿದ್ದು ಕತ್ತರಿಸಿದ್ರು. ದುಡ್ಡು ಕೊಟ್ಟ ಪಾತ್ರಧಾರಿಗಳಿಗೆ ಅವರವರ ಪದ ಬೇಕು, ಅದಕ್ಕೆ. ಪದ ಶುರು, ಪದ ಕೊನೆ, ಕಟ್. ಮುಂದಿನ ಪದ ಶುರು.

ಒಂದೊಂದು ಕಟ್ಟಿನ ಹತ್ತಿರ ಹಾರ್ಮೋನಿಯಂ ಒಂದು ಕ್ಷಣ ಕೇಳಿಸುತ್ತೆ. ಬರೋ ಮಟ್ಟಿನ ಬಾಲ. ಅರ್ಧ ಸೆಕೆಂಡು, ಮುಕ್ಕಾಲು ಸೆಕೆಂಡು. ನಾನು ಕೂತು ಎಣಿಸಿದೆ, ಅಂಥವು 23 ಇದ್ವು. ಫೋನಲ್ಲಿ ಎಡಿಟ್ ಮಾಡಿ ಎಲ್ಲಾ ಬಾಲಗಳನ್ನ ಜೋಡಿಸಿದೆ. ಒಟ್ಟು 14 ಸೆಕೆಂಡು ಬಂತು.

ಮಾವ ಆ ವಿಡಿಯೋದವರಿಗೆ ಫೋನ್ ಮಾಡಿ ಪೂರ್ತಿ ರೆಕಾರ್ಡಿಂಗ್ ಇದೆಯಾ ಅಂತ ಕೇಳಿದ್ರು. ಕಾರ್ಡು ಮಾರನೇ ವಾರದ ಮದುವೆಗೆ ಬೇಕಾಗಿತ್ತಂತೆ, ಅಳಿಸಿದ್ರಂತೆ.

ಕಾಂತಾರದ ಮಧ್ಯದ ಸಂಗೀತ ಆಲ್ಬಮ್ಮಲ್ಲಿ ಇಲ್ಲದಿದ್ರೂ ಸಿನಿಮಾದಲ್ಲಿ ಇದೆ. ಮತ್ತೆ ಹಾಕಿದ್ರೆ ಮತ್ತೆ ಬರುತ್ತೆ. ತಾತನದಕ್ಕೆ ಸಿನಿಮಾ ಇಲ್ಲ, ಆಲ್ಬಮ್ ಮಾತ್ರ ಇದೆ.

ಭಾಗ 9

ಕಳೆದ ವರ್ಷ ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಾನು ಹಾರ್ಮೋನಿಯಂ ಕೆಳಗೆ ಇಳಿಸಿದೆ. ತಾತ ಬೇಡ ಅಂದ್ರು. "ಬಿಡಮ್ಮ, ಪದ ಇದೆಯಲ್ಲ ಡಿವಿಡೀಲಿ, ಸಾಕು." ಸಿನಿಮಾದ ಮಧ್ಯದ್ದು ಹಾಕು ಅಂತ ಹಟ ಹಿಡಿದವರೇ ತಮ್ಮ ವಿಷಯಕ್ಕೆ ಬಂದ್ರೆ ಪದ ಸಾಕು ಅಂತಾರೆ. ನಂಗೆ ಕೋಪ ಬಂತು. ನಾನೇ ಭೀಮನ ಬರೋ ಮಟ್ಟು ಬೇಕಂತ ಅಂದಾಜಿಗೆ ಒಂದು ಬಾರಿಸಿದೆ. ಮೂರು ಸೆಕೆಂಡು ತಡ್ಕೊಂಡ್ರು. "ಅದು ಭೀಮ ಅಲ್ಲ, ಬಾಡಿಗೆ ಕೇಳೋಕೆ ಬಂದ ಓನರು" ಅಂದ್ರು. ತೊದಲಿದ್ರೂ ಪೂರ್ತಿ ಅರ್ಥ ಆಯ್ತು.

ಆವತ್ತಿಂದ ಹೀಗೆ ನಡೀತಿದೆ. ಚಿಕ್ಕ ಹಾರ್ಮೋನಿಯಂಗೆ ಎಡಗೈಲಿ ತಿದಿ ಒತ್ತಬೇಕು, ಬಲಗೈಲಿ ನುಡಿಸಬೇಕು. ತಾತನ ಎಡಗೈ ಚೆನ್ನಾಗಿದೆ. ಅವರು ತಿದಿ ಒತ್ತುತ್ತಾರೆ, ಮನೆಗಳ ಮೇಲೆ ನನ್ನ ಕೈ. ಮಾತು ತೊದಲಿದ್ರೂ ಗುನುಗೋದು ತೊದಲಲ್ಲ, ಅದು ಹೇಗೋ ಹಾಗೇ ಉಳಿದಿದೆ. ಅವರು ಗುನುಗ್ತಾರೆ, ನಾನು ಹುಡುಕ್ತೀನಿ, ತಪ್ಪಿದ್ರೆ ತಿದಿ ನಿಲ್ಲಿಸಿಬಿಡ್ತಾರೆ, ಸದ್ದೇ ಬರಲ್ಲ. ಬೈಯೋದಕ್ಕಿಂತ ಇದು ಜೋರು. ಸರಿಯಾದ ಮೇಲೆ ಫೋನಲ್ಲಿ ರೆಕಾರ್ಡು, ಮೊದಲಿಂದ ಕೊನೇವರೆಗೆ, ಅವರ ಕೆಮ್ಮು, ಅಮ್ಮಮ್ಮನ ಕುಕ್ಕರು ಎಲ್ಲಾ ಸೇರಿಸಿ.

ಭೀಮ ಆಯ್ತು. ದ್ರೌಪದಿ ಆಯ್ತು. ಒಂದೇ ಸ್ವರ ಅಂದಿದ್ರಲ್ಲ, ಅದಕ್ಕೇ ಹನ್ನೊಂದು ದಿನ ಬೇಕಾಯ್ತು, ಎಲ್ಲಿ ಬಿಡಬೇಕು ಅನ್ನೋದು ಬರ್ತಿರಲಿಲ್ಲ. ಶಕುನಿ ಮುಕ್ಕಾಲು ಬಂದಿದ್ದಾನೆ, ಅಮ್ಮಮ್ಮ ನಗೋ ಮಟ್ಟಕ್ಕೆ ಬಂದಿದೆ. ಕರ್ಣನಿಗೆ ಎರಡು ಮಟ್ಟು ಇತ್ತಂತೆ, ಕುಂತಿ ಬರೋಕೆ ಮುಂಚೆ ಒಂದು, ಆಮೇಲೆ ಒಂದು. ಮೊದಲನೇದು ಸಿಕ್ಕಿದೆ.

ದುರ್ಯೋಧನನ್ದು ಸಿಕ್ಕಿಲ್ಲ. ತಾತನಿಗೇ ನೆನಪಾಗ್ತಿಲ್ಲ. ಗುನುಗೋಕೆ ಶುರು ಮಾಡ್ತಾರೆ, ಅರ್ಧಕ್ಕೆ ಭೀಮನೊಳಗೆ ಹೋಗಿಬಿಡ್ತಾರೆ, ತಲೆ ಅಲ್ಲಾಡಿಸ್ತಾರೆ. 14 ಸೆಕೆಂಡಿನ ಬಾಲಗಳಲ್ಲಿ ದುರ್ಯೋಧನನದು ಎರಡಿವೆ, ಎರಡೂ ಸೇರಿ ಒಂದು ಸೆಕೆಂಡಿಲ್ಲ. ಅದನ್ನ ಹಾಕಿ ಕೇಳಿಸಿದ್ರೆ "ಹೌದು, ಇಲ್ಲಿಗೆ ಬಂದು ನಿಲ್ಲುತ್ತೆ" ಅಂತಾರೆ. ಎಲ್ಲಿಂದ ಬಂದು ನಿಲ್ಲುತ್ತೆ ಅನ್ನೋದು ಹೋಗಿದೆ.

ಅದಕ್ಕೆ ಕೇಳ್ತಿದ್ದೀನಿ. ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರ ಕಡೆಯವರು ಇದನ್ನ ಓದ್ತಿದ್ರೆ, ನಿಮ್ಮ ಮನೇಲಿ ಅಪ್ಪಂದೋ ತಾತಂದೋ ಕುರುಕ್ಷೇತ್ರದ ಹಳೇ ಕ್ಯಾಸೆಟ್ಟು, ಸಿಡಿ, ಡಿವಿಡಿ ಏನಾದ್ರೂ ಇದ್ರೆ ನೋಡಿ. ಟೇಪ್ ರೆಕಾರ್ಡರನ್ನ ಸ್ಟೇಜಿನ ಕೆಳಗಿಟ್ಟು ಸುಮ್ನೆ ಆನ್ ಮಾಡಿ ಬಿಟ್ಟಿದ್ದಾದ್ರೆ ಇನ್ನೂ ಒಳ್ಳೇದು. ಕ್ಲಿಯರ್ ಇಲ್ದಿದ್ರೂ ಪರವಾಗಿಲ್ಲ, ಜನರೇಟರ್ ಸದ್ದು, ಮೈಕಲ್ಲಿ ಯಾರನ್ನೋ ಕರೆಯೋದು ಎಲ್ಲ ಇರಲಿ. ಕಟ್ ಮಾಡಿ ಕಳಿಸಬೇಡಿ. ದುರ್ಯೋಧನ ಬರೋಕೆ ಮುಂಚಿನ ಜಾಗ ಎಷ್ಟನೇ ನಿಮಿಷ ಅಂತ ಬರೆದ್ರೆ ಸಾಕು, ಮಿಕ್ಕಿದ್ದು ತಾತ ಕೇಳಿ ಹೇಳ್ತಾರೆ.

#ಕೆಂಚಾರ್ಲಹಳ್ಳಿ #ಚಿಂತಾಮಣಿ #ಕಾಂತಾರ #ಹಾರ್ಮೋನಿಯಂಮೇಷ್ಟ್ರು #ಕುರುಕ್ಷೇತ್ರನಾಟಕ